ಮುಂದಿನ ಎಲೆ

ಕೈಗೆ ಬಂದದ್ದು ಕಳಾವರ್ ಏಳು, ಡೈಮನ್ ಎರಡು. ಆಟ ಬಲ್ಲವರು ಎರಡನೇ ಸಲ ನೋಡದ ಎಲೆಗಳು. ರಂಗಸ್ವಾಮಿ ಅವುಗಳ ಮೂಲೆಯನ್ನು ಹೆಬ್ಬೆರಳಿನಿಂದ ಎತ್ತಿ ನೋಡಿ ಮತ್ತೆ ಮಲಗಿಸಿದ. ಎಷ್ಟೋ ವರ್ಷದ ಅಭ್ಯಾಸ. ಕೈ ತಾನಾಗಿಯೇ ಅವನ್ನು ಎಲೆ ಹಂಚುವ ಹುಡುಗಿಯ ಕಡೆಗೆ ತಳ್ಳಲು ಹೊರಟಿತ್ತು. ಅದನ್ನು ಅರ್ಧದಲ್ಲೇ ತಡೆದು, ಮುಂದಿದ್ದ ಪಣದ ಬಿಲ್ಲೆಗಳಲ್ಲಿ ಒಂದಿಷ್ಟು ಎತ್ತಿ ಮೇಜಿನ ನಡುವಿಗೆ ಸರಿಸಿದ.

ಎದುರಿಗೆ ಕೂತಿದ್ದ ಬೆಳಗಾವಿಯ ಬಟ್ಟೆ ವ್ಯಾಪಾರಿ ಕನ್ನಡಕದ ಮೇಲಿಂದ ನೋಡಿದ. ಪಣಜಿಯ ಹೊಳೆಯಲ್ಲಿ ನಿಂತ ಈ ಜೂಜಿನ ಹಡಗಿನಲ್ಲಿ ಇಬ್ಬರೂ ಹಳೆಯ ಮುಖಗಳು. ವರ್ಷಕ್ಕೊಮ್ಮೆ ಎದುರಾಗುತ್ತಾರೆ, ಒಬ್ಬರ ಮನೆಯ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲ, ಆಟ ಮಾತ್ರ ಗೊತ್ತು. ರಂಗಸ್ವಾಮಿ ಬಿಲ್ಲೆ ಹಾಕಿದನೆಂದರೆ ಕೈಯಲ್ಲಿ ಗಟ್ಟಿ ಎಲೆ ಇದೆಯೆಂದೇ ಅರ್ಥ. ವ್ಯಾಪಾರಿ ಆಟ ಬಿಟ್ಟು ತನ್ನ ಎಲೆಗಳನ್ನು ಕೆಳಗಿಟ್ಟ. ಉಳಿದವರೂ ಇಟ್ಟರು. ಆ ದರಿದ್ರ ಎಲೆಗಳಲ್ಲೇ ಆಟ ಗೆದ್ದಾಗಿತ್ತು. ರಂಗಸ್ವಾಮಿ ಸುಮ್ಮನಿರಬೇಕಿತ್ತು. ಬದಲಿಗೆ ಎರಡೂ ಎಲೆಗಳನ್ನು ಮಗುಚಿ ತೋರಿಸಿಬಿಟ್ಟ.

"ಏನ್ರೀ ಸ್ವಾಮೇರ, ಏಳು ಎರಡಾ?" ಎಂದ ವ್ಯಾಪಾರಿ. "ಇವತ್ತ ಏನ ಆಗೇತ್ರಿ ನಿಮಗ?"

"ಏನಿಲ್ಲ ಬಿಡ್ರಿ. ಇವತ್ತು ಬೇರೆಯೋರ ಆಟ ಆಡ್ತಾ ಇದೀನಿ," ಎಂದ ರಂಗಸ್ವಾಮಿ.

ಅದು ಅವನ ಹೆಂಡತಿ ಮೀನಾಕ್ಷಿಯ ಆಟ.

ರಾಮಗಿರಿ ಸ್ಟೇಷನ್ನಿನಲ್ಲಿ ರಂಗಸ್ವಾಮಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ ಜೊತೆಗಾರ ಗೋವರ್ಧನ ಅವನಿಗೆ ಈ ಆಟ ಕಲಿಸಿದ್ದ. ಎರಡು ಎಲೆ ಕೈಗೆ, ಐದು ಎಲೆ ನಡುವಿಗೆ. ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕಡೆಗೆ ಒಂದು. ಏಳರಲ್ಲಿ ಐದನ್ನು ಯಾರು ಚೆನ್ನಾಗಿ ಹೊಂದಿಸಿದರೋ ಅವರದು ಗೆಲುವು. ಪ್ರತಿ ಸಲವೂ ಬಿಲ್ಲೆ ಹಾಕಿ ಮುಂದಿನ ಎಲೆಗೆ ಕಾಯಬಹುದು, ಇಲ್ಲವೆ ಎಲೆ ಕೆಳಗಿಟ್ಟು ಎದ್ದು ಹೋಗಬಹುದು. ಗೋವರ್ಧನ ನಿವೃತ್ತನಾಗಿ ಊರು ಸೇರಿದ ಮೇಲೂ ರಂಗಸ್ವಾಮಿ ರೈಲ್ವೆ ಪಾಸಿನಲ್ಲಿ ವರ್ಷಕ್ಕೊಂದು ಸಲ ಗೋವಾಕ್ಕೆ ಹೋಗುವುದನ್ನು ಬಿಡಲಿಲ್ಲ. ಕುಡಿತವಿಲ್ಲ, ಸಿಗರೇಟಿಲ್ಲ. ಅವನ ಪಾಲಿಗಿದ್ದ ಚಟ ಇದೊಂದೇ, ಅದನ್ನೂ ಅವನು ಅಳೆದೂ ಸುರಿದೂ ಮಾಡುತ್ತಿದ್ದ. ಗಂಟೆಗಟ್ಟಲೆ ಎಲೆ ಕೆಳಗಿಡುತ್ತ ಕೂರುವನು. ರಾಜನೋ ಎಕ್ಕವೋ ಜೋಡಿಯಾಗಿ ಬಂದಾಗ ಮಾತ್ರ ಬಿಲ್ಲೆ ಮುಟ್ಟುವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೋದಷ್ಟೇ ತೂಕದ ಜೇಬಿನಲ್ಲಿ ಮನೆಗೆ ಬರುವನು.

ಬಂದವನಿಂದ ಮೀನಾಕ್ಷಿ ಪೂರ್ತಿ ಕಥೆ ಹೇಳಿಸಿಕೊಳ್ಳುತ್ತಿದ್ದಳು. ಕೇಳಿ ಕೇಳಿ ತಾನೂ ಕಲಿತಳು. ಸಂಜೆ ಹೊತ್ತು ಗಂಡ ಹೆಂಡತಿ ಜಗುಲಿಯ ಮೇಲೆ ಹುಣಸೆ ಬೀಜ ಇಟ್ಟುಕೊಂಡು ಆಡುವರು. ಅವಳ ಆಟಕ್ಕೆ ಹಿಡಿತವೇ ಇರಲಿಲ್ಲ. ಎಂಥ ಎಲೆ ಬಂದರೂ ಕೆಳಗಿಡಳು.

"ಲೇ, ಅದಕ್ಕೇನೂ ಆಗಲ್ಲ ಕಣೆ, ಬಿಟ್ಬಿಡು," ಎಂದು ಅವನು ಹೇಳಿದರೆ, "ಬಿಟ್ರೆ ಮುಂದಿನ ಎಲೆ ಯಾವುದು ಅಂತ ಗೊತ್ತಾಗಾದು ಹೆಂಗ್ರೀ?" ಎನ್ನುವಳು. "ನಂಗೆ ಗೆಲ್ಲಾದು ಬ್ಯಾಡ, ನೋಡಾದು ಬೇಕು."

ಬೀಜವೆಲ್ಲ ಅವನ ಕಡೆ ಸೇರಿದ ಮೇಲೆ, ಅವನ ಮುಂದಿನ ರಾಶಿಯಿಂದಲೇ ಒಂದು ಹಿಡಿ ಬಾಚಿಕೊಂಡು ಮತ್ತೆ ಕೂರುವಳು.

ಈ ಬೇಸಿಗೆಯಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ಹೊಳಲ್ಕೆರೆಯ ಡಾಕ್ಟರು ಚಿತ್ರದುರ್ಗಕ್ಕೆ ಕಳಿಸಿದರು, ಅಲ್ಲಿಂದ ದಾವಣಗೆರೆಗೆ. ಅಲ್ಲಿ ಹೊಟ್ಟೆ ತೆರೆದು ನೋಡಿದವರು ಏನನ್ನೂ ಮುಟ್ಟದೆ ಹಾಗೇ ಹೊಲಿದು ಕಳಿಸಿದರು. "ಬಾಯಿಗೆ ಏನು ಸೇರುತ್ತೋ ಅದನ್ನ ಕೊಡಿ," ಎಂದ ಡಾಕ್ಟರ ಧ್ವನಿ ಬಹಳ ಮೃದುವಾಗಿತ್ತು. ಆ ಮೃದುತನದಿಂದಲೇ ರಂಗಸ್ವಾಮಿಗೆ ಎಲ್ಲ ಅರ್ಥವಾಯಿತು. ಹಿರಿಯೂರಿಗೆ ಮದುವೆಯಾಗಿದ್ದ ಮಗಳು ಸ್ವಾತಿ ಬಂದು ಅಮ್ಮನ ಜೊತೆ ಉಳಿದಳು.

ಗೋವಾದ ಮಾತು ಎತ್ತಿದ್ದು ಮೀನಾಕ್ಷಿಯೇ. "ಈ ವರ್ಷದ ಪಾಸು ಹಂಗೇ ಐತಲ್ಲ? ಹೋಗಿ ಬರ್ರಿ."

"ತಲೆ ನೆಟ್ಟಗೈತಾ ನಿಂಗೆ?"

"ನೆಟ್ಟಗೈತೆ. ನಾನೂ ಬರ್ತೀನಿ ಅಂತ ಎಷ್ಟು ವರ್ಷ ಕೇಳ್ದೆ? ಹೆಂಗಸ್ರು ಬರೋ ಜಾಗ ಅಲ್ಲ ಅಂದ್ರಿ, ಮುಂದಿನ ವರ್ಷ ನೋಡಾಣ ಅಂದ್ರಿ. ಈಗ ನನ್ ಪರವಾಗಿ ನೀವೇ ಹೋಗ್ರಿ. ಒಂದು ದಿನ ನಾನ್ ಆಡ್ದಂಗೆ ಆಡಿ, ಬಂದು ಹೇಳ್ರಿ. ನಿಮ್ಮ ಆಟ ಕೇಳಿ ಕೇಳಿ ಸಾಕಾಗೈತೆ ನಂಗೆ."

ಸ್ವಾತಿ ಅಪ್ಪನ ಮುಖವನ್ನೇ ನೋಡಲಿಲ್ಲ. ಅವನು ಚಪ್ಪಲಿ ಮೆಟ್ಟುವಾಗ ಬಾಗಿಲ ಬಳಿ ಬಂದು, "ಇಸ್ಪೀಟು ಆಡೋಕೆ ಹೊಂಟ್ಯಲ್ಲಪ್ಪ, ಇಂಥಾ ಟೈಮಲ್ಲಿ," ಎಂದಳು. ಅವನು ಚೀಲ ಹೆಗಲಿಗೇರಿಸಿಕೊಂಡು ಹೊರಟ. ಹೆಂಡತಿ ಈ ಮೂರು ತಿಂಗಳಲ್ಲಿ ಅವನನ್ನು ಏನಾದರೂ ಕೇಳಿದ್ದು ಇದೊಂದೇ.

ಹೀಗೆ ಅವನು ಆ ಮಧ್ಯಾಹ್ನ ಹಡಗಿನಲ್ಲಿ ಕೂತು, ಬಂದ ಎಲೆಗಳನ್ನೆಲ್ಲ ಆಡುತ್ತಿದ್ದ. ಮೂರು, ಒಂಬತ್ತು, ಆಡಿದ. ಗುಲಾಮ, ನಾಲ್ಕು, ಅದನ್ನೂ ಆಡಿದ. ಮೊದಮೊದಲು ಬಿಲ್ಲೆಗಳನ್ನು ಎಣಿಸಿ ಎಣಿಸಿ ಹಾಕುತ್ತಿದ್ದ. ಆಮೇಲೆ ಒಂದು ಥರದ ಹಗುರ ಬಂತು. ಬಿಗಿಯಾಗಿ ಆಡುವಾಗ ಅವನಿಗೆ ಕಾಣುತ್ತಿದ್ದುದು ತನ್ನ ಎರಡು ಎಲೆ ಮಾತ್ರ. ಈಗ ಎಲೆಗಳಲ್ಲಿ ನೋಡುವಂಥದ್ದು ಏನೂ ಇಲ್ಲದ್ದರಿಂದ ಜನರನ್ನು ನೋಡತೊಡಗಿದ. ಹಂಚುವ ಹುಡುಗಿಯ ಮಣಿಕಟ್ಟಿನಲ್ಲಿ ಸುಟ್ಟ ಕಲೆಯಿತ್ತು. ವ್ಯಾಪಾರಿ ಒಳ್ಳೆಯ ಎಲೆ ಬಂದಾಗ ನೀರು ಕುಡಿಯುತ್ತಿದ್ದ. ಇಷ್ಟು ವರ್ಷ ಇವನ್ನೆಲ್ಲ ನೋಡಿಯೇ ಇರಲಿಲ್ಲ.

ಇನ್ನೂ ಒಂದು ಅವನ ಗಮನಕ್ಕೆ ಬಂತು. ಮೊದಲೆಲ್ಲ ಅವನು ಬಿಲ್ಲೆ ಹಾಕಿದರೆ ಜನ ದೂರ ಸರಿಯುತ್ತಿದ್ದರು. ಎಂಥ ಒಳ್ಳೆಯ ಎಲೆ ಬಂದರೂ ಅದಕ್ಕೆ ತಕ್ಕ ಗೆಲುವು ಸಿಗುತ್ತಿರಲಿಲ್ಲ. ಈಗ ಎಲ್ಲರೂ ಅವನ ಎದುರು ಆಡಲು ಬರುತ್ತಿದ್ದರು, ಮಾತಾಡಿಸುತ್ತಿದ್ದರು. "ಹಿಂಗ ಆಡ್ರಿ ಸ್ವಾಮೇರ, ಇಷ್ಟ ದಿನಾ ಗ್ವಾಡಿ ಎದುರಿಗೆ ಆಡಿದಂಗ ಆಗತಿತ್ತ," ಎಂದು ವ್ಯಾಪಾರಿ ನಕ್ಕ. ರಂಗಸ್ವಾಮಿಯ ಮುಂದಿದ್ದ ಬಿಲ್ಲೆಗಳು ಒಮ್ಮೆ ದುಪ್ಪಟ್ಟಾದವು. ರಂಗಸ್ವಾಮಿಯೂ ನಕ್ಕ. ನಕ್ಕ ಮರುಗಳಿಗೆ, ಇದನ್ನು ಅವಳು ಇಲ್ಲಿ ಕೂತು ಆಡಬಹುದಿತ್ತು ಎಂದು ಹೊಳೆಯಿತು. ಪಕ್ಕದ ಮೇಜಿನಲ್ಲಿ ಅವಳದೇ ವಯಸ್ಸಿನ ಇಬ್ಬರು ಹೆಂಗಸರು ಸೀರೆಯುಟ್ಟು ಆರಾಮಾಗಿ ಕೂತಿದ್ದರು. ಪ್ರತಿ ವರ್ಷವೂ ಅಂಥವರು ಇದ್ದೇ ಇರುತ್ತಿದ್ದರು.

ಕೊನೆಯ ಆಟದಲ್ಲಿ ಅವನ ಕೈಯಲ್ಲಿದ್ದುದು ಆಟೀನಿನ ಒಂಬತ್ತು, ಆಟೀನಿನ ಐದು. ನಡುವೆ ಬಿದ್ದ ಮೂರರಲ್ಲಿ ಎರಡು ಆಟೀನು. ಇನ್ನೊಂದು ಕೆಂಪು ಹೃದಯ ಬಿದ್ದರೆ ಐದು ಎಲೆ ಒಂದೇ ಜಾತಿ, ಗೆಲುವು ಅವನದೇ. ವ್ಯಾಪಾರಿ ಒಂದು ಗುಟುಕು ನೀರು ಕುಡಿದು ದೊಡ್ಡದಾಗಿಯೇ ಹಾಕಿದ. ಹಳೆಯ ರಂಗಸ್ವಾಮಿಯಾಗಿದ್ದರೆ ಅಲ್ಲಿಗೇ ಎದ್ದುಬಿಡುತ್ತಿದ್ದ. ಇವನು ಮುಂದಿದ್ದುದನ್ನೆಲ್ಲ ಎರಡೂ ಕೈಯಲ್ಲಿ ನೂಕಿದ. ನಾಲ್ಕನೇ ಎಲೆ ಕಪ್ಪು ಬಂತು. ಐದನೆಯದನ್ನು ಹುಡುಗಿ ತಿರುಗಿಸುವಾಗ ಅವನು ಕುರ್ಚಿಯಿಂದ ಮುಂದಕ್ಕೆ ಬಾಗಿದ. ಈ ಒಂದು ಎಲೆ ಆಟೀನು ಬಿದ್ದರೆ ಊರಿನಲ್ಲಿಯೂ ಏನೋ ಆಗಿಬಿಡುತ್ತದೆ ಎಂದು ಅವನ ಮನಸ್ಸಿನ ಯಾವುದೋ ಮೂಲೆ ನಂಬಿತ್ತು.

ಬಿದ್ದದ್ದು ಇಸ್ಪೀಟಿನ ರಾಣಿ.

ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವನು ಒಂದು ಸುಳ್ಳನ್ನು ಒಪ್ಪ ಮಾಡಿಕೊಂಡ. ಕೊನೆಯ ಎಲೆ ಆಟೀನು ಬಿತ್ತು, ಗೆದ್ದೆ, ನಿನ್ನ ಆಟವೇ ಗೆದ್ದಿತು ಕಣೆ ಎಂದು ಹೇಳುವುದು. ಗೆದ್ದ ಹಣವನ್ನು ದಾರಿಯಲ್ಲಿ ಸಿಕ್ಕ ಗೋವರ್ಧನನಿಗೆ ಕೈಗಡ ಕೊಟ್ಟೆ ಎಂದರೆ ಆಯಿತು.

ಬೆಳಿಗ್ಗೆ ಮನೆ ತಲುಪಿದಾಗ ಮೀನಾಕ್ಷಿ ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ನಾಲ್ಕೇ ದಿನದಲ್ಲಿ ಮುಖದ ಮೂಳೆಗಳು ಎದ್ದು ಬಂದಿದ್ದವು. ಸ್ವಾತಿ ರಾಗಿ ಗಂಜಿಯ ಲೋಟ ಹಿಡಿದುಕೊಂಡು ಎದ್ದಳು. "ರಾತ್ರಿಯಿಂದ ಇಷ್ಟೇ ಕುಡ್ದಿರೋದು," ಎಂದು ಲೋಟ ತೋರಿಸಿ ಒಳಗೆ ಹೋದಳು.

"ಕುಂತ್ಕಳ್ರಿ. ಹೇಳ್ರಿ," ಎಂದಳು ಮೀನಾಕ್ಷಿ.

ಅವನು ಏಳು ಎರಡರಿಂದ ಶುರು ಮಾಡಿದ. ಅವಳ ತುಟಿಯ ಮೇಲೆ ನಗು ಬಂತು. "ತೋರ್ಸಿದ್ರಾ? ಮಗುಚಿ ತೋರ್ಸಿದ್ರಾ?" ಎಂದು ಎರಡು ಸಲ ಕೇಳಿದಳು. ಸೀರೆಯುಟ್ಟ ಹೆಂಗಸರ ವಿಷಯ ಅವನು ಹೇಳಲಿಲ್ಲ. ಕೊನೆಯ ಆಟಕ್ಕೆ ಬಂದಾಗ ಅವನ ಮಾತು ನಿಧಾನವಾಯಿತು. "ನಾಲ್ಕನೇದು ಕಪ್ಪು ಬಂತು. ಐದನೇದು..."

"ಐದನೇದು?"

"ಆಟೀನು ಬಂತು ಕಣೆ."

ಅವಳು ಅವನನ್ನೇ ನೋಡಿದಳು. ಮೂವತ್ತು ವರ್ಷ ಜೊತೆಗೆ ಬಾಳಿದವಳು. "ಆಟೀನಲ್ಲಿ ಯಾವುದು?"

ಎಲೆಯ ಹೆಸರನ್ನು ಅವನು ಯೋಚಿಸಿಟ್ಟುಕೊಂಡಿರಲಿಲ್ಲ. "ಇಸ್ಪೀಟು ರಾಣಿ," ಎಂದ. "ಎಲ್ಲಾ ಹೋಯ್ತು."

"ಹೋಗ್ಲಿ ಬಿಡ್ರಿ." ಅವಳು ಕಣ್ಣು ಮುಚ್ಚಿ ತೆರೆದಳು. "ಕಡೇ ಎಲೆಗಂಟ ಇದ್ರಲ್ಲ. ಚೆನ್ನಾಗಿತ್ತಾ?"

"ಚೆನ್ನಾಗಿತ್ತು." ಅವನು ಅವಳ ಹೊದಿಕೆ ಸರಿಮಾಡಿದ. "ನಿನ್ನ ಕರ್ಕೊಂಡು ಹೋಗ್ಬೇಕಾಗಿತ್ತು."

ಅವಳು ಅದಕ್ಕೆ ಅಲ್ಲ ಎನ್ನಲಿಲ್ಲ, ಇರಲಿ ಬಿಡಿ ಎಂದೂ ಅನ್ನಲಿಲ್ಲ. ಗೂಡಿನ ಕಡೆ ನೋಡಿ, "ಒಂದಾಟ ಹಾಕ್ರಿ," ಎಂದಳು.

ಅವನಿಗೆ ಜೀವ ಬಂದಂತಾಯಿತು. ಗೂಡಿನಿಂದ ಎಲೆ ಕಟ್ಟು ತಂದ, ಅಡುಗೆ ಮನೆಯಿಂದ ಹುಣಸೆ ಬೀಜ ತಂದು ಹಾಸಿಗೆಯ ಮೇಲೆ ಎರಡು ಪಾಲು ಮಾಡಿದ, ಅವಳ ಪಾಲಿಗೆ ಹೆಚ್ಚು. ಎರಡೆರಡು ಎಲೆ ಹಂಚಿದ. ತನ್ನದನ್ನು ನೋಡದೆಯೇ ಒಂದು ಹಿಡಿ ಬೀಜ ನಡುವೆ ಹಾಕಿದ. "ನೋಡು, ನಾನೂ ನಿನ್ನಂಗೇ ಆಗೋಗಿದೀನಿ," ಎಂದ. ಮೂರು ಎಲೆ ತೆರೆದು ಸಾಲಾಗಿ ಇಟ್ಟ. ಬಾಗಿಲ ಬಳಿ ಸ್ವಾತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

ಮೀನಾಕ್ಷಿಯ ಎರಡು ಎಲೆ ಅವನು ಇಟ್ಟ ಕಡೆಯೇ ಬೋರಲಾಗಿ ಬಿದ್ದಿದ್ದವು. ಅವಳು ಬೆರಳಿನಿಂದ ಅವನ್ನು ನಿಧಾನವಾಗಿ ಅವನ ಕಡೆಗೆ ಸರಿಸಿದಳು.

"ಯಾಕೆ?"

"ನೀವೇ ಇಟ್ಕಳ್ರಿ."

"ಎತ್ತಿ ನೋಡ್ಲೇ ಇಲ್ವಲ್ಲೇ. ಇನ್ನೂ ಎರಡು ಎಲೆ ಬರೋದೈತೆ."

"ಬರ್ಲಿ." ಅವಳು ದಿಂಬಿನ ಮೇಲೆ ತಲೆ ಹೊರಳಿಸಿದಳು. "ನೋಡಿ ಏನಾಗ್ಬೇಕೈತೆ."

ಕೋಪದ ಮಾತಲ್ಲ ಅದು, ಬೇಸರದ್ದೂ ಅಲ್ಲ. ಸಂತೆಯಲ್ಲಿ ಕೊಳ್ಳುವುದು ಮುಗಿದ ಮೇಲೆ ಅಂಗಡಿಯವನು ಕರೆದರೆ ಹೇಳುವ ಮಾತಿನಂತಿತ್ತು. ರಂಗಸ್ವಾಮಿ ಉಳಿದ ಕಟ್ಟನ್ನು ಹಿಡಿದು ಕೂತ. ಬೇಕಾದರೆ ತಾನೇ ತೆರೆದು ಅವಳಿಗೆ ತೋರಿಸಬಹುದಿತ್ತು. ಅವಳ ಕಣ್ಣು ಆಗಲೇ ಮುಚ್ಚಿತ್ತು. ಉಸಿರು ಮೇಲೆ ಮೇಲೆ ಆಡುತ್ತಿತ್ತು. ಹಾಸಿಗೆಯ ಮಡಿಕೆಯಲ್ಲಿ ಸೇರಿಕೊಂಡ ಬೀಜಗಳನ್ನು ಅವಳ ಮೈಗೆ ಒತ್ತದ ಹಾಗೆ ಒಂದೊಂದೇ ಆರಿಸಿದ.

"ಅಪ್ಪ," ಎಂದಳು ಸ್ವಾತಿ. ಗೋವಾಕ್ಕೆ ಹೊರಟಾಗಿನ ಬಿರುಸು ಅವಳ ಧ್ವನಿಯಲ್ಲಿ ಉಳಿದಿರಲಿಲ್ಲ. "ನಲ್ಲಿ ಬಂತು. ನೀನು ಹಿಡೀತೀಯಾ? ನಾನಿಲ್ಲಿ ಕುಂತಿರ್ತೀನಿ."

ಅವನು ಹೊರಗೆ ಬಂದು ಕೊಳಾಯಿಗೆ ಪೈಪು ಸಿಕ್ಕಿಸಿದ. ಡ್ರಮ್ಮು ತುಂಬಿತು. ಕೊಡಗಳು ತುಂಬಿದವು. ಬಕೆಟ್ಟು, ಬೋಸಿ, ಕೊನೆಗೆ ಎಮ್ಮೆ ಇಲ್ಲದ ಕೊಟ್ಟಿಗೆಯ ಹಳೆಯ ಕಲ್ಲುಬಾನಿಯನ್ನೂ ತುಂಬಿಸಿದ. ತುಂಬಿಸಲು ಇನ್ನೇನೂ ಉಳಿಯಲಿಲ್ಲ. ನಲ್ಲಿ ನಿಲ್ಲಿಸುವುದು ಅವನಿಗೆ ತೋಚಲಿಲ್ಲ. ಪೈಪು ಹಿಡಿದು ಹಾಗೇ ನಿಂತಿದ್ದ. ನೀರು ಅವನ ಪಾದ ತೋಯಿಸಿ, ಮೆಟ್ಟಿಲಿಳಿದು ಬೀದಿಯ ತಗ್ಗಿನಲ್ಲಿ ನಿಂತಿತು.

ಬೆಟ್ಟದ ಕಡೆಗೆ ಕುರಿ ಹೊಡೆದುಕೊಂಡು ಹೊರಟಿದ್ದ ಮರುಳಸಿದ್ದಪ್ಪ ಆ ತಗ್ಗು ಕಂಡು ನಿಂತ. ಕಂಬಳಿಯನ್ನು ಹೆಗಲಿಗೆ ಸರಿಮಾಡಿಕೊಂಡು ಕೂಗಿದ. "ರಂಗಣ್ಣ, ನಿಲ್ಸಬ್ಯಾಡಪ್ಪ, ಒಂದೀಟು ಬಿಟ್ಟಿರು. ಕುಡ್ಕಂಡು ಹೋಗ್ತವೆ."

ರಂಗಸ್ವಾಮಿ ತಲೆಯಾಡಿಸಿದ. ಕುರಿಗಳು ಒಂದನ್ನೊಂದು ನೂಕುತ್ತ ಬಂದು ಮೂತಿ ಇಳಿಸಿದವು. ಹಿಂದೆ ಬಿದ್ದಿದ್ದ ಒಂದು ಮುದಿ ಕುರಿ ಗುಂಪಿನೊಳಗೆ ನುಗ್ಗಲಾರದೆ, ಮೆಟ್ಟಿಲ ಬಳಿ ಬಂದು, ಅವನ ಪಾದದ ಮೇಲಿಂದ ಹರಿಯುತ್ತಿದ್ದ ನೀರನ್ನೇ ಕುಡಿಯತೊಡಗಿತು.