ದಿಂಬು ಸಿಕ್ಕವಳು

ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಸಾಲಿನಲ್ಲಿ ಮಲದ ಜೊತೆ ರಕ್ತ ಹೋಗುವುದು ಕಾಯಿಲೆಯಲ್ಲ, ಬಡ್ತಿ. ವರ್ಷಗಟ್ಟಲೆ ಮರದ ಹಲಗೆಯ ಮೇಲೆ ಕೂತರೆ ಹಾಗಾಗದೆ ಇರುತ್ತದೆಯೇ ಎಂದು ನಾವೇ ತೀರ್ಮಾನಿಸಿಕೊಂಡಿದ್ದೆವು. ಯಾರಿಗೆ ರಕ್ತ ಬಿತ್ತೋ ಅವಳಿಗೆ ಚಿಂದಿ ತುಂಬಿ ಒಂದು ದಿಂಬು ಹೊಲಿದುಕೊಡುತ್ತಿದ್ದೆವು. ದಿಂಬು ಸಿಕ್ಕವಳು ಸೀನಿಯರ್. ಸಂಬಳ ಮಾತ್ರ ಜೂನಿಯರ್.

ಕಾಲರ್ ಅಕ್ಕನದು ಎಲ್ಲರಿಗಿಂತ ದಪ್ಪ ದಿಂಬು. ಅಂಗಿಗೆ ಕಾಲರ್ ಕೂರಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಕಾರ್ಖಾನೆಯ ಡಾಕ್ಟರು ಮಹಾನುಭಾವರು. ಮುಟ್ಟದೆ, ನೋಡದೆ, ಕುರ್ಚಿಯಿಂದ ಏಳದೆ ಮೂಲವ್ಯಾಧಿ ಎಂದು ಹೇಳಿ ಮುಲಾಮು ಕೊಟ್ಟರು. ಅಂಥ ದಿವ್ಯದೃಷ್ಟಿ. ಮುಲಾಮು ಮುಗಿಯಿತು, ರಕ್ತ ಮುಗಿಯಲಿಲ್ಲ.

ಒಂದು ದಿನ ಅಕ್ಕ ಮೆಷಿನ್ ಮೇಲೆಯೇ ಕುಸಿದಳು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕ್ಯಾಮೆರಾ ನಳಿಕೆ ಹಾಕಿಸಿ, ಸ್ಕ್ಯಾನ್ ಮಾಡಿಸಿ, ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ಗೂ ಹರಡಿದೆ ಎಂದರು. ಆದರೂ ಲಿವರ್‌ನ ಗಂಟುಗಳು ಒಂದೇ ಕಡೆ ಇವೆ, ಕಿಮೋ ಕೊಟ್ಟು ಕುಗ್ಗಿಸಿದರೆ ಕತ್ತರಿಸಿ ತೆಗೆಯಬಹುದು, ಹೇಳಿದ ದಿನ ಮಾತ್ರ ತಪ್ಪಿಸಬಾರದು ಎಂದರು.

ಅಕ್ಕ ತಪ್ಪಿಸಲಿಲ್ಲ. ಎದೆಗೆ ನಳಿಕೆ, ಸೊಂಟಕ್ಕೆ ಕಿಮೋ ಔಷಧಿಯ ಬಾಟಲಿ ಕಟ್ಟಿಕೊಂಡೇ ಕಾಲರ್ ಹೊಲಿದಳು. ಆ ಔಷಧಿಯ ದೆಸೆಯಿಂದ ತಣ್ಣನೆಯ ಕತ್ತರಿ ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತಿತ್ತು. ಕೈಗವಸು ಕೇಳಿದ್ದಕ್ಕೆ ಸೂಪರ್‌ವೈಸರ್, ಮಹಾರಾಣಿಯವರಿಗೆ ಕಿರೀಟವೂ ಬೇಕಾ ಎಂದು ವಿಚಾರಿಸಿಕೊಂಡರು.

ಗಂಟುಗಳು ಕುಗ್ಗಿದವು. ಆಪರೇಷನ್ ದಿನ ನಿಗದಿಯಾಯಿತು. ಅಂಗಿಗಳು ಹಡಗು ಹತ್ತಬೇಕಾಗಿದ್ದೂ ಅದೇ ವಾರ.

"ನೋಡಮ್ಮಾ, ನಿನ್ನ ಕ್ಯಾನ್ಸರ್ ಎಲ್ಲಿಗೂ ಓಡಿಹೋಗಲ್ಲ. ಹಡಗು ಹೋಗ್ಬಿಡುತ್ತೆ. ಮುಂದಿನ ತಿಂಗಳು ಮಾಡಿಸ್ಕೋ. ಈಗ ಹೋದ್ರೆ ವಾಪಸ್ ಬರೋದು ಬೇಡ," ಎಂದರು ಸೂಪರ್‌ವೈಸರ್.

"ಓಡಿಹೋಗಲ್ವಾ ಸಾರ್? ಕರುಳಿಂದ ಲಿವರ್‌ಗೆ ಬಸ್ಸಲ್ಲಿ ಬಂತಾ ಮತ್ತೆ?" ಎಂದಳು ಅಕ್ಕ.

ಬಾಯಿಗೇನೂ ಕಾಯಿಲೆ ತಗುಲಿಲ್ಲ ಎಂದು ಅವರು ಗೊಣಗಿದರು. ಆಗ ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದ ಅಕ್ಕನ ನಾದಿನಿ ಮೆಷಿನ್ ನಿಲ್ಲಿಸಿದಳು.

"ನಂಗೂ ರಕ್ತ ಹೋಗುತ್ತೆ ಸಾರ್. ಮುಲಾಮು ಬೇಡ. ನಳಿಕೆ ಹಾಕಿ ನೋಡಿಸಿ."

ಹಿಂದಿನಿಂದ ಇನ್ನೊಬ್ಬಳು ನಂಗೂ ಎಂದಳು. ಆಮೇಲೆ ನಾನು. ಇಷ್ಟೊಂದು ಸೀನಿಯರುಗಳು ತಮ್ಮ ಕೈಕೆಳಗಿದ್ದಾರೆಂದು ಸೂಪರ್‌ವೈಸರ್‌ಗೆ ಅಂದೇ ಗೊತ್ತಾಗಿದ್ದು. ಹೋಗಿ ಡಾಕ್ಟರನ್ನು ಕಾಣಿ ಎಂದರು. ಯಾವ ಡಾಕ್ಟರೆಂದು ಹೇಳಲಿಲ್ಲ.

ಆಪರೇಷನ್ ದಿನ ಇಡೀ ಸಾಲು ಡಾಕ್ಟರಮ್ಮನ ಬಾಗಿಲಲ್ಲಿ ಕೂತಿತ್ತು. ಸೂಪರ್‌ವೈಸರ್ ನಾದಿನಿಗೆ ಫೋನ್ ಮಾಡಿದರು. ಅವರ ಬಾಯಲ್ಲಿ ದಯವಿಟ್ಟು ಎಂಬ ಮಾತೂ ಇದೆ ಎಂದು ಅವತ್ತು ತಿಳಿಯಿತು.

"ಅತ್ತಿಗೇನ ಈಗ ಒಳಗೆ ಕರ್ಕೊಂಡ್ ಹೋದ್ರು ಸಾರ್," ಎಂದಳು ನಾದಿನಿ. "ಅವಳ ಕೆಲಸ ಅವಳಿಗೇ ಅಂತ ಮೊದ್ಲು ಹೇಳಿ. ಹಡಗಿನ ವಿಷಯ ಆಮೇಲೆ ಮಾತಾಡೋಣ."