ಹಲ್ಲು ಕೀಳುವ ಹಿಡಿತ

ಹಾಡುಗಾರನಿಗೆ ಗಂಟಲು ಕಟ್ಟಿದರೆ ಬಿಸಿನೀರಿದೆ. ಅಡುಗೆಯವನ ನಾಲಿಗೆ ಕೆಟ್ಟರೆ ಉಪ್ಪು ನೋಡಲು ಹೆಂಡತಿಯಿದ್ದಾಳೆ. ಹಲ್ಲಿನ ಡಾಕ್ಟರ ಕೈ ನಡುಗತೊಡಗಿದರೆ ಮಾತ್ರ ಬಾಗಿಲು ಹಾಕಿಕೊಂಡು ಮನೆಗೆ ಹೋಗುವುದೊಂದೇ ದಾರಿ.

ನಮ್ಮ ಡಾಕ್ಟರ ಬಲಗೈ ನಡುಗತೊಡಗಿ ಒಂದೆರಡು ತಿಂಗಳಾಗಿತ್ತು. ಬೆಳಗಿನ ಮೊದಲ ರೋಗಿ ಬಾಯಿ ತೆರೆಯುತ್ತಲೇ ಅವರ ಕೈಯಲ್ಲಿದ್ದ ಸೂಜಿಯ ತುದಿ ಸಣ್ಣಗೆ ಕಂಪಿಸುತ್ತಿತ್ತು. ಕಣ್ಣು ಮುಚ್ಚಿಕೊಂಡ ರೋಗಿಗೆ ಅದು ಕಾಣುತ್ತಿರಲಿಲ್ಲ, ಪಕ್ಕದಲ್ಲಿ ನಿಂತ ನರ್ಸಿಗೆ ಕಾಣುತ್ತಿತ್ತು. "ಸರ್, ಎ.ಸಿ. ಕಮ್ಮಿ ಮಾಡ್ಲಾ?" ಎಂದು ಅವಳು ಮರ್ಯಾದೆಯಿಂದ ಕೇಳುವಾಗ ಡಾಕ್ಟರಿಗೆ ಬೆವರು ಕಿತ್ತುಕೊಳ್ಳುತ್ತಿತ್ತು. ಅವರ ದೊಡ್ಡಪ್ಪನೂ ಹಲ್ಲಿನ ಡಾಕ್ಟರೇ. ಇದೇ ವಯಸ್ಸಿಗೆ ಕೈನಡುಕ ಶುರುವಾಗಿ, ನರದ ಕಾಯಿಲೆ ಎಂದಾಗಿ, ಕೊನೆಗೆ ಅಂಗಿಯ ಗುಂಡಿಯನ್ನೂ ಬೇರೆಯವರು ಹಾಕಬೇಕಾಯಿತು. ಇದನ್ನು ಡಾಕ್ಟರು ಯಾರಿಗೂ ಹೇಳಲಿಲ್ಲ. ಬಾಯಿಬಿಟ್ಟರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯ. ದಿನವಿಡೀ ಬೇರೆಯವರ ಬಾಯಿ ಬಿಡಿಸುವವರ ಕಥೆ ಇದು.

ಹೇಳುವ ಬದಲು ಅವರು ಗಾಲ್ಫ್ ಕೋಲನ್ನು ಇನ್ನೂ ಜೋರಾಗಿ ಬೀಸಿದರು. ಕಬ್ಬಿಣದ ತಲೆಯ ಉದ್ದನೆಯ ಕೋಲುಗಳಲ್ಲಿ, ಅಂದರೆ ಐರನ್ನುಗಳಲ್ಲಿ, ಅಭ್ಯಾಸ ಮಾಡಿದರೆ ಬೀಸು ತಾನಾಗಿ ಸುಧಾರಿಸುತ್ತದೆಂದು ಮೂರ್ನಾಲ್ಕು ತಿಂಗಳ ಹಿಂದೆ ಕ್ಲಬ್ಬಿನಲ್ಲಿ ಯಾರೋ ಹೇಳಿದ್ದರು. "ಮೂರನೇ ನಂಬರ್ ಐರನ್ ಒಂದು ಪಳಗಿದ್ರೆ ಮಿಕ್ಕಿದ್ದೆಲ್ಲ ನೀರು ಕುಡಿದ ಹಾಗೆ." ಆವತ್ತಿನಿಂದ ದಿನಾ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುವ ಮುಂಚೆ ಬುಟ್ಟಿಗಟ್ಟಲೆ ಚೆಂಡು ಹೊಡೆಯುತ್ತಿದ್ದರು. ಚೆಂಡು ಮೇಲೇಳದೆ ಹುಲ್ಲು ಸವರಿಕೊಂಡು ಹೋಗುತ್ತಿತ್ತು. ಡಾಕ್ಟರು ಹಿಡಿತ ಇನ್ನಷ್ಟು ಬಿಗಿ ಮಾಡಿದರು. ಆಟ ಸುಧಾರಿಸೀತು, ಕೈ ಗಟ್ಟಿಯಾಗಿ ನಡುಕವೂ ನಿಂತೀತು. ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಆದಂತೆ.

ಅಷ್ಟರಲ್ಲಿ ಅತ್ತೆ ಬಂದರು. ಹೆಂಡತಿಯ ತಾಯಿ. ಒಂದು ಕಾಲಕ್ಕೆ ಗಾಲ್ಫ್ ಚಾಂಪಿಯನ್. ಈಗ ಮಂಡಿನೋವಿನಿಂದ ಆಡುವುದನ್ನು ಬಿಟ್ಟು, ಆಡುವವರನ್ನು ಆಡಿಕೊಳ್ಳುವುದನ್ನು ಉಳಿಸಿಕೊಂಡಿದ್ದರು. ಬಂದ ಮರುದಿನವೇ ಅಳಿಯನ ಜೊತೆ ಮೈದಾನಕ್ಕೆ ಹೊರಟು, ಬೆಂಚಿನ ಮೇಲೆ ಕೂತು, ನಾಲ್ಕಾರು ಹೊಡೆತ ಸಹಿಸಿಕೊಂಡರು.

"ಅಳಿಯಂದ್ರೇ, ಬಂತಾ ಹಲ್ಲು?"

"ಯಾವ ಹಲ್ಲು, ಅತ್ತೆ?"

"ಕೀಳ್ತಾ ಇದೀರಲ್ಲ, ಅದೇ. ಭೂಮಿಗೆ ಮರಗಟ್ಟೋ ಇಂಜೆಕ್ಷನ್ ಆದ್ರೂ ಕೊಟ್ರೋ ಇಲ್ವೋ, ಪಾಪ."

"ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಡೀಬೇಕು ಅನ್ಸುತ್ತೆ."

"ಇನ್ನೂ ಗಟ್ಟಿಯಾ? ಬೆರಳಿನ ಗೆಣ್ಣೆಲ್ಲ ಬೆಳ್ಳಗಾಗಿದೆ. ಎಲ್ಲಿ, ಕೈ ಚಾಚಿ."

ಡಾಕ್ಟರು ಕೋಲು ಒರೆಸಿದರು, ಆಕಾಶ ನೋಡಿದರು, ಬೇರೆ ದಾರಿಯಿಲ್ಲದೆ ಕೈ ಚಾಚಿದರು. ಕೈ ಗಾಳಿಗೆ ಸಿಕ್ಕ ಎಲೆಯಂತೆ ಅಲ್ಲಾಡಿತು. ಅತ್ತೆ ನಗಲಿಲ್ಲ.

"ದೊಡ್ಡಪ್ಪಂಗೂ ಹೀಗೇ ಶುರುವಾಗಿದ್ದು," ಎಂದರು ಡಾಕ್ಟರು. ಹೇಳಿಬಿಟ್ಟಿದ್ದರು.

"ಅವರೂ ಈ ಕಬ್ಬಿಣದ ಕತ್ತು ಹಿಸುಕ್ತಿದ್ರಾ?"

"ಇಲ್ಲ."

"ನಿಮಗೆ ಸಂಜೆ ಹೊತ್ತೂ ನಡುಗುತ್ತಾ?"

ಡಾಕ್ಟರು ಯೋಚಿಸಿದರು. ಕಷ್ಟದ ಹಲ್ಲುಗಳನ್ನೆಲ್ಲ ಈಚೆಗೆ ಸಂಜೆಗೇ ಹಾಕಿಕೊಳ್ಳುತ್ತಿದ್ದರು, ಏಕೆಂದು ತಮ್ಮನ್ನೇ ಕೇಳಿಕೊಂಡಿರಲಿಲ್ಲ. "ಸಂಜೆ... ಇರಲ್ಲ."

"ನಾನು ಡಾಕ್ಟರಲ್ಲ, ನಾಳೇನೇ ನರದ ಡಾಕ್ಟರಿಗೆ ತೋರಿಸ್ಬೇಕು. ನೀವಾಗಿ ಹೋಗದಿದ್ರೆ ಕಿವಿ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ. ಈಗ ಹೇಳಿ, ಬಾಯೊಳಗೆ ಇಡೋ ಪುಟ್ಟ ಕನ್ನಡಿ ಹೇಗೆ ಹಿಡೀತೀರಿ?"

"ಬೆರಳ ತುದೀಲಿ."

"ಇದನ್ನೂ ಹಾಗೇ ಹಿಡೀರಿ. ತಿರುಗೋದು ಸೊಂಟದ ಕೆಲಸ. ಪಾಪ, ಅದನ್ಯಾಕೆ ನಿರುದ್ಯೋಗಿ ಮಾಡಿದೀರಿ?"

ಕೋಲು ಜಾರಿ ಬಿದ್ದೀತೆಂಬ ಅಳುಕಿನಲ್ಲೇ ಡಾಕ್ಟರು ಬೀಸಿದರು. ಟಕ್ಕೆಂದು ಸಣ್ಣ ಸದ್ದು. ಚೆಂಡು ಎದ್ದು, ಇನ್ನೂ ಎದ್ದು, ದೂರದ ಬಾವುಟವನ್ನೂ ದಾಟಿತು. ಹೋದದ್ದನ್ನು ನೋಡಿದವರು ಅತ್ತೆ ಮಾತ್ರ. ಡಾಕ್ಟರು ತಮ್ಮ ಕೈಯನ್ನೇ ನೋಡುತ್ತಿದ್ದರು.

ಮರುದಿನ ನರದ ಡಾಕ್ಟರು ಅವರಿಂದ ಮೂಗು ಮುಟ್ಟಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು, ಗೆರೆ ಹಿಡಿದು ನಡೆಸಿದರು. ಕೊನೆಗೆ ಮುಂದೋಳನ್ನು ಒತ್ತಿದಾಗ ನಮ್ಮ ಡಾಕ್ಟರು ಚಿಕ್ಕ ಮಗುವಿನಂತೆ "ಅಮ್ಮಾ!" ಎಂದರು.

"ನರಕ್ಕೇನೂ ಆಗಿಲ್ಲ. ಸ್ನಾಯು ಸೋತುಹೋಗಿದೆ, ಅಷ್ಟೇ. ಕ್ಲಿನಿಕ್ಕಿಗೆ ಹೋಗೋ ಮುಂಚೆ ಬಂಡೆ ಒಡೀತೀರಾ?"

"ಗಾಲ್ಫು."

"ಅದನ್ನೊಂದ್ಸಲ ನೋಡ್ಬೇಕಲ್ಲ!"

ಹೊರಗಿನ ಬೆಂಚಿನ ಮೇಲೆ ಡಾಕ್ಟರು ಮೈ ಹಗುರಾಗಿ ಕೂತುಬಿಟ್ಟರು. ಆಮೇಲೆ ಹೆಂಡತಿಗೆ ಫೋನ್ ಮಾಡಿ, ದೊಡ್ಡಪ್ಪನಿಂದ ಹಿಡಿದು ಎಲ್ಲ ಹೇಳಿದರು. ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಬಂತು.

"ನಂಗೆ ಗೊತ್ತಿತ್ತು ರೀ. ತಟ್ಟೆ ಮೇಲೆ ಕಪ್ಪಿಡುವಾಗ ಗಿಲಗಿಲ ಅಂತಿತ್ತು. ಅಮ್ಮನ್ನ ಸುಮ್ನೆ ಕರೆಸಿದೆ ಅನ್ಕೊಂಡ್ರಾ?"

"ನನ್ನನ್ನೇ ಕೇಳ್ಬಹುದಿತ್ತಲ್ಲೇ."

"ಕೇಳಿದ್ರೆ ಹೇಳ್ತಿದ್ರಾ? ಸುಮ್ನಿರಿ."



ಕೈಗೆ ಸಾಕಷ್ಟು ವಿಶ್ರಾಂತಿ ಕೊಟ್ಟು ಕ್ಲಿನಿಕ್ಕಿನ ಬಾಗಿಲು ತೆರೆದ ಬೆಳಿಗ್ಗೆ, ಮೊದಲ ರೋಗಿಯಾಗಿ ಬಂದವನು ಕುರ್ಚಿ ಹಿಡಿಸದಷ್ಟು ದೊಡ್ಡ ಲಾರಿ ಡ್ರೈವರು. ಸೂಜಿ ಕಂಡದ್ದೇ ಅವನು ಗಡಗಡ ನಡುಗಿದ. ಡಾಕ್ಟರು ಅವನನ್ನು ಬಹಳ ಪ್ರೀತಿಯಿಂದ ನೋಡಿದರು: ಆ ಕೋಣೆಯಲ್ಲಿ ನಡುಗುತ್ತಿದ್ದವನು ಅವನೊಬ್ಬನೇ.