ಗೂಡಿನಲ್ಲಿದ್ದ ಕಣ್ಣಿನ ಡ್ರಾಪ್ಸ್

ಕಣ್ಣಾಸ್ಪತ್ರೆಯಿಂದ ಅವಳು ಮನೆಗೆ ಹೋಗಲಿಲ್ಲ. ಗಂಡನ ತೋಳು ಹಿಡಿದು, ಅವನೂ ಅವನ ಅಣ್ಣನೂ ನಡೆಸುವ ವೆಲ್ಡಿಂಗ್ ಅಂಗಡಿಗೇ ನೇರವಾಗಿ ನಡೆದಳು. "ಅಣ್ಣನಿಗೆ ಏನೂ ಅನ್ಬೇಡ" ಎಂದು ಅವನು ದಾರಿಯುದ್ದಕ್ಕೂ ಗೋಗರೆಯುತ್ತಿದ್ದ. ಅಣ್ಣನ ಮೇಲೆ ಇಷ್ಟು ಮರುಕ ಇಟ್ಟುಕೊಂಡ ಮಹಾರಾಯನಿಗೆ ತನ್ನ ಕಣ್ಣಿನ ಮೇಲೆ ಚೂರಾದರೂ ಇರಬಾರದಿತ್ತೆ? ಕಣ್ಣಿನ ಒತ್ತಡ ಏರಿ ನರ ಸವೆದಿದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಆ ಡ್ರಾಪ್ಸ್ ನಿಲ್ಲಿಸಿ ಚಿಕಿತ್ಸೆ ಮಾಡಿದರೆ ಉಳಿದದ್ದನ್ನು ಉಳಿಸಬಹುದು ಎಂದು ಡಾಕ್ಟರು ಹೇಳಿದ್ದರು.

ಆ ಡ್ರಾಪ್ಸ್ ಮೊದಲು ಬಂದದ್ದು ಭಾವನಿಗೆ. ಕಣ್ಣೊಳಗೆ ಉರಿಯೂತವಾಗಿದೆಯೆಂದು ಸ್ಟೆರಾಯ್ಡ್ ಹನಿ ಬರೆದುಕೊಟ್ಟ ಡಾಕ್ಟರು, ಮೆಲ್ಲಗೆ ಕಡಿಮೆ ಮಾಡುತ್ತ ಬಿಡಿ, ನಡುನಡುವೆ ಬಂದು ತೋರಿಸಿ ಎಂದಿದ್ದರು. ಕಣ್ಣು ವಾಸಿಯಾಯಿತು, ಡಾಕ್ಟರ ಮಾತು ಗಾಳಿಗೆ ಹೋಯಿತು, ಬಾಟಲಿ ಮಾತ್ರ ಅಂಗಡಿಯ ಗೋಡೆಗೂಡಿನಲ್ಲಿ ಬೀಡುಬಿಟ್ಟಿತು. ವೆಲ್ಡಿಂಗ್ ಬೆಳಕಿಗೆ ಯಾರ ಕಣ್ಣು ಕೆಂಪಾದರೂ ಅದೇ ಹನಿ. ಬೆಳಗಾಗುವಷ್ಟರಲ್ಲಿ ಕೆಂಪು ಮಾಯ! ಖಾಲಿ ಬಾಟಲಿ ತೋರಿಸಿದರೆ ಸಾಕು, ಮೆಡಿಕಲ್ ಶಾಪಿನವನು ಹಲ್ಲುಕಿರಿದು ಹೊಸದು ಕೊಡುತ್ತಿದ್ದ. ಬರಬರುತ್ತ ಕಣ್ಣು ಕೆಂಪಾಗಲಿ ಎಂದು ಕಾಯುವುದನ್ನೂ ಬಿಟ್ಟರು. ಸಂಜೆ ಶಟರ್ ಎಳೆಯುವ ಮುನ್ನ ಅಣ್ಣತಮ್ಮ ಎದುರುಬದುರು ಸ್ಟೂಲಿನ ಮೇಲೆ ಕೂತು ಒಬ್ಬರ ಕಣ್ಣಿಗೊಬ್ಬರು ಹಾಕುತ್ತಿದ್ದರು. ಅದನ್ನು ಕಂಡು ಎಂಥ ಪ್ರೀತಿ ಇವರದು ಎಂದು ಅವಳೇ ಎಷ್ಟೋ ಸಲ ಹಿಗ್ಗಿದ್ದಳು. ಅದು ನೆನಪಾಗಿ ತನ್ನ ಮೇಲೂ ಸಿಟ್ಟು ನೆತ್ತಿಗೇರಿತು.

ಭಾವ ಗೇಟಿನ ಸರಳಿಗೆ ಅಳತೆ ಹಿಡಿಯುತ್ತಿದ್ದರು.

"ಏನಮ್ಮಾ, ಮುಖ ಕೆಂಡ ಆಗಿದೆ?"

"ನಿಮ್ಮ ತಮ್ಮನ ಕಣ್ಣು ಅರ್ಧ ಹೋಗಿದೆ ಭಾವ! ಪಕ್ಕದಲ್ಲಿ ಬರೋ ಗಾಡಿ ಕಾಣಲ್ಲ ಅವರಿಗೆ. ಈ ಹಾಳು ಡ್ರಾಪ್ಸಿಂದ!"

"ಅದರಿಂದ ಹೇಗಮ್ಮಾ? ನಾನೂ ಹಾಕ್ತೀನಿ. ಗುಂಡುಕಲ್ಲಿನ ಹಾಗಿದೀನಿ ನೋಡು. ಡಾಕ್ಟರುಗಳಿಗೇನು, ಹೆದರಿಸೋದೇ ಕೆಲಸ."

"ಅಣ್ಣ ಬೇಕಂತ ಮಾಡಿದ್ದಲ್ಲ..." ಎಂದು ಗಂಡ ನಡುವೆ ಬಾಯಿ ಹಾಕಿದ.

"ನೀವು ಬಾಯಿ ಮುಚ್ಕೊಳ್ಳಿ!"

ನಾಳೆ ಸಂಜೆ ಈ ಅಣ್ಣ ಬಾಟಲಿ ಹಿಡಿದು ಕರೆದರೆ ಈ ತಮ್ಮ ತುಟಿಪಿಟಕ್ಕೆನ್ನದೆ ಕತ್ತೆತ್ತಿ ಕೂರುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಆಗ ಉಳಿದದ್ದೂ ಹೋಗುತ್ತದೆ. ಅವಳು ದಡದಡ ಭಾವನ ಪಕ್ಕಕ್ಕೆ ನಡೆದು, ಗೂಡಿಗೆ ಕೈಹಾಕಿ ಬಾಟಲಿ ತೆಗೆದಳು. ಅದನ್ನು ಅವರ ಕಿವಿಯ ಹತ್ತಿರವೇ ಹಿಡಿದು ಅಲ್ಲಾಡಿಸಿದಳು.

"ಇದನ್ನ ಚರಂಡಿಗೆ ಎಸೀತೀನಿ. ಬೇಡ ಅನ್ನಿ ನೋಡೋಣ!"

ಭಾವ ನೇರವಾಗಿ ತಮ್ಮನನ್ನೇ ನೋಡುತ್ತ ನಿಂತಿದ್ದರು.

"ಯಾವುದನ್ನಮ್ಮಾ?"

ಅವಳು ಕೈ ಇನ್ನಷ್ಟು ಮುಂದಕ್ಕೆ ತಂದಳು. ಅವರು ಕದಲಲಿಲ್ಲ. ಇನ್ನೂ ಮುಂದಕ್ಕೆ ತಂದಳು. ಬಾಟಲಿ ಹೆಚ್ಚುಕಡಿಮೆ ಮೂಗಿನೆದುರು ಬಂದಾಗ ಭಾವ ಬೆಚ್ಚಿ ತಲೆ ಹಿಂದಕ್ಕೆಳೆದರು.

ಭಾವ ತಾವೇ ಕೈಯನ್ನು ಕಿವಿಯ ಬಳಿ ಎತ್ತಿ ಬೆರಳಾಡಿಸಿದರು. ಮತ್ತೆ ಆಡಿಸಿದರು. "ಕಾಣ್ತಿಲ್ಲವಲ್ಲ..." ಎಂದರು.

"ಅಣ್ಣಾ, ನಿನಗೆ ನಾನೇ ಹಾಕ್ತಿದ್ದೆನಲ್ಲ..." ಗಂಡ ಸ್ಟೂಲಿನ ಮೇಲೆ ಕುಸಿದ.

ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದ ಬೈಗುಳವನ್ನೆಲ್ಲ ಅವಳು ಆಮೇಲಕ್ಕೆ ಎತ್ತಿಟ್ಟಳು. ಸಿಟ್ಟು ಮಾತ್ರ ಇಳಿಯಲಿಲ್ಲ, ಇಮ್ಮಡಿಯಾಯಿತು. ಬಾಟಲಿಯ ಮುಚ್ಚಳ ಕಿತ್ತು, ಕೊನೆಯ ಹನಿಯವರೆಗೂ ಮೋರಿಗೆ ಹಿಂಡಿದಳು. ಖಾಲಿ ಬಾಟಲಿಯನ್ನೂ ಅವರ ಕೈಗೆ ಸಿಗದಂತೆ ಚೀಲಕ್ಕೆ ಹಾಕಿಕೊಂಡಳು.

"ಶಟರ್ ಎಳೀರಿ. ಆಸ್ಪತ್ರೆ ಇನ್ನೂ ಮುಚ್ಚಿಲ್ಲ. ನಿಮ್ಮಿಬ್ಬರನ್ನೂ ಬೈಯೋದು ಬಾಕಿ ಇದೆ, ತೋರಿಸ್ಕೊಂಡು ಬಂದ್ಮೇಲೆ ಬೈತೀನಿ."

ರಸ್ತೆ ದಾಟುವಾಗ ಒಬ್ಬರನ್ನು ಎಡಗೈಯಲ್ಲಿ, ಒಬ್ಬರನ್ನು ಬಲಗೈಯಲ್ಲಿ ಹಿಡಿದು, ಎರಡೂ ಕಡೆ ತಾನೊಬ್ಬಳೇ ನೋಡಿಕೊಂಡು ನಡೆದಳು.